ಮ್ಯಾಕಿನಾ ತೂಗುಸೇತುವೆ: ಅಷ್ಟು ದಪ್ಪದ ಕೇಬಲ್ ಮೇಲೆ ಏರಿಸಿದ್ದು ಹೇಗೆ?

ತುಮರಿಯವನು:
ಹೋದ ವಾರ ಮಿಶಿಗನ್‌ನಲ್ಲಿ ಮ್ಯಾಕಿನಾ ಸೇತುವೆ ದಾಟಿದೆವು. ಒಟ್ಟು 8 ಕಿ.ಮೀ. ಉದ್ದ, 1957ರ ನವೆಂಬರ್ 1ರಂದು ಶುರುವಾಗಿದ್ದು. ಅಲ್ಲಿಯವರೆಗೆ ಕಾರುಗಳನ್ನು ಫೆರಿಯಲ್ಲೇ ದಾಟಿಸುತ್ತಿದ್ದರಂತೆ. ನಾನು ಲಾಂಚ್‌ಗೆ ಕಾದು ಕಾದು ಬೆಳೆದವನು, ಹಾಗಾಗಿ ದಡದಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ನೋಡುತ್ತಾ ನಿಂತುಬಿಟ್ಟೆ. ಗೋಪುರದಿಂದ ಗೋಪುರಕ್ಕೇ 1,158 ಮೀಟರ್, ಕೇಬಲ್ ಎರಡಡಿ ದಪ್ಪ. ಇದನ್ನು ನೀರಿನ ಮೇಲೆ ಎಳೆದು ಏರಿಸುವ ಕ್ರೇನ್ ಆ ಕಾಲದಲ್ಲಿ ಇತ್ತಾ?

ಕಬ್ಬಿಣ ಕಾಂಕ್ರೀಟು:
ಏರಿಸಲೇ ಇಲ್ಲ, ಮೇಲೆಯೇ ಕಟ್ಟಿದ್ದು! ಮೊದಲು ಸಣ್ಣ ಹಗ್ಗಗಳನ್ನು ಆಚೆ ತುದಿಗೆ ಎಳೆದು, ಅದರ ಮೇಲೆ ಕೆಲಸಗಾರರು ಓಡಾಡಲು ಜಾಲರಿಯ ಕಾಲುದಾರಿ ಮಾಡಿಕೊಂಡರು. ಆಮೇಲೆ ರಾಟೆಯಂಥ ಚಕ್ರಗಳು ತಂತಿ ಹೊತ್ತು ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸ್, 1956ರಲ್ಲಿ ತಿಂಗಳುಗಟ್ಟಲೆ ಅದೇ ಕೆಲಸ. ತಂತಿ ಬರೀ 5 ಮಿ.ಮೀ. ದಪ್ಪ, ಒಂದೊಂದು ಕೇಬಲ್‌ನಲ್ಲಿ ಅಂಥವು 12,580. ಹಗ್ಗದ ಹಾಗೆ ಹೊಸೆದಿಲ್ಲ, ಪಕ್ಕಪಕ್ಕ ಇಟ್ಟು ಒತ್ತಿ ಬಿಗಿದಿದ್ದಾರೆ. ಎರಡೂ ತುದಿ ಭಾರಿ ಕಾಂಕ್ರೀಟು ದಿಮ್ಮಿಗಳಲ್ಲಿ ಹೂತಿವೆ. ರಸ್ತೆ ತೂಗುಹಾಕಿದ್ದು ಇಷ್ಟೆಲ್ಲ ಆದಮೇಲೆ.

ನಡುವಿನ ಲೇನ್‌ಗಳಲ್ಲಿ ಕಬ್ಬಿಣದ ಜಾಲರಿ ನೋಡಿರಬೇಕು, ಅಲ್ವಾ? ಅದು ಗಾಳಿ ಹಾದುಹೋಗಲಿ ಅಂತ. 1940ರಲ್ಲಿ ಟಕೋಮಾ ಸೇತುವೆ ಗಾಳಿಗೆ ತಿರುಚಿಕೊಂಡು ಬಿದ್ದಿತ್ತಲ್ಲ, ಇಂಜಿನಿಯರ್ ಸ್ಟೈನ್‌ಮನ್‌ಗೆ ಅದರದೇ ಚಿಂತೆ.

ನಿಮ್ಮ ತುಮರಿ ಕಡೆ ಶರಾವತಿ ಹಿನ್ನೀರಿನ ಮೇಲೆ ಕಟ್ಟಿರುವ ಸಿಗಂದೂರು ಸೇತುವೆ ಬೇರೆ ಜಾತಿ. ಅಲ್ಲಿ ಕೇಬಲ್‌ಗಳು ಗೋಪುರದಿಂದ ನೇರ ರಸ್ತೆಗೇ ಬಂದು ಕೂರುತ್ತವೆ.

ಡೆಟ್ರಾಯ್ಟ್ ಅಕ್ಕ:
ಮ್ಯಾಕಿನಾದಲ್ಲಿ ಸರ್ಕಾರದ ಫೆರಿ ಶುರುವಾಗಿದ್ದು 1923ರಲ್ಲಿ. ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗುವವರ ಕಾರುಗಳು ಮೈಲಿಗಟ್ಟಲೆ ಸಾಲು ನಿಲ್ಲುತ್ತಿದ್ದವಂತೆ, ರಾತ್ರಿಯೆಲ್ಲ ಚಳಿಯಲ್ಲಿ ಕಾಯಬೇಕು. ಒಂದು ಮಾತು ಸೇರಿಸಲೇಬೇಕು: ಈ ಸೇತುವೆ ಕಟ್ಟುವಾಗ ಐದು ಜನ ಕೆಲಸಗಾರರು ಸತ್ತರು. ದಾಟುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ತುಮರಿಯವನು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಅಮ್ಮನಿಗೆ ಫೋಟೋ ಕಳಿಸಿದ್ದೆ. ನಮ್ಮಲ್ಲಿ 2025ರ ಜುಲೈನಲ್ಲಿ ಸೇತುವೆ ಆಗುವವರೆಗೂ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಹೊಳೆ ದಾಟುವ ಚಿಂತೆಯೇ ಮೊದಲು. ಅಮ್ಮ ಎಷ್ಟೋ ರಾತ್ರಿ ಹಾಗೆ ಬೆಳಗಾಗುವುದನ್ನೇ ಕಾದಿದ್ದಾರೆ. ಅಂಥವರು ಫೋಟೋ ನೋಡಿ ಕೇಳಿದ್ದು, "ಅಲ್ಲಿಯ ಲಾಂಚ್‌ಗಳನ್ನ ಏನು ಮಾಡಿದ್ರಂತೆ?"

ಡೆಟ್ರಾಯ್ಟ್ ಅಕ್ಕ:
ಮಾರಿಬಿಟ್ಟರು ಅಂತ ಹೇಳಪ್ಪ ಅಮ್ಮನಿಗೆ. ಎಲ್ಲಕ್ಕಿಂತ ದೊಡ್ಡದು ವೆಕೇಷನ್‌ಲ್ಯಾಂಡ್, 1952ರಲ್ಲಷ್ಟೇ ಬಂದಿತ್ತು. ಆರು ವರ್ಷ ಕೂಡ ಓಡಲಿಲ್ಲ ಅಲ್ಲಿ.