ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಪಾನಿ ಕಲೆ: ಒಂದೇ ದಿನ, ಜೊತೆಗೆ ಅಪ್ಪ-ಅಮ್ಮ

ಪ್ರಶ್ನೆ:
ನಮಸ್ಕಾರ. ನಾವಿರೋದು ಸ್ಯಾನ್ ಹೊಸೆಯಲ್ಲಿ. ಹಾಸನದಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಮ್ಮನಿಗೆ ಮಂಡಿನೋವು, ಇಬ್ಬರೂ ಸಸ್ಯಾಹಾರಿಗಳು. ಜಪಾನಿ ತೋಟ, ಚಿತ್ರಕಲೆ ಎರಡನ್ನೂ ತೋರಿಸಬೇಕು. ಯಾವ ದಿನ, ಹೇಗೆ ಹೋಗೋದು?

ಮೊದಲ ಉತ್ತರ:
ಸೋಮವಾರ ಇಲ್ಲವೇ ಶುಕ್ರವಾರ ಹೊರಡಿ. ಗೋಲ್ಡನ್ ಗೇಟ್ ಪಾರ್ಕಿನ ಜಪಾನೀಸ್ ಟೀ ಗಾರ್ಡನ್ನಿಗೆ ಸೋಮ, ಬುಧ, ಶುಕ್ರ ಬೆಳಿಗ್ಗೆ 10ರೊಳಗೆ ಹೋದವರಿಗೆ ಟಿಕೆಟ್ ಇಲ್ಲ. ಏಷ್ಯನ್ ಆರ್ಟ್ ಮ್ಯೂಸಿಯಂಗೆ ಮಂಗಳ, ಬುಧ ರಜೆ. ಸ್ಯಾನ್ ಹೊಸೆಯಿಂದ ಬರೋ ಕ್ಯಾಲ್‌ಟ್ರೇನ್ ರೈಲು ಇಳಿದಲ್ಲೇ ಎನ್ ಜೂಡಾ ಅನ್ನೋ ನಗರದ ರೈಲು ಸಿಗುತ್ತೆ. 9ನೇ ಅವೆನ್ಯೂದಲ್ಲಿ ಇಳಿದರೆ ತೋಟಕ್ಕೆ ಹದಿನೈದು ನಿಮಿಷದ ನಡಿಗೆ. ಬರುವಾಗ ಅದೇ ರೈಲಿನಲ್ಲಿ ಸಿವಿಕ್ ಸೆಂಟರ್‌ನಲ್ಲಿ ಇಳಿದರೆ ಮ್ಯೂಸಿಯಂ ಹತ್ತಿರ.

ತೋಟ ಶುರುವಾದದ್ದು 1894ರ ವಸ್ತುಪ್ರದರ್ಶನಕ್ಕಾಗಿ. ಮಕೊಟೊ ಹಗಿವಾರಾ ಅವರ ಮನೆತನ ದಶಕಗಳ ಕಾಲ ಅಲ್ಲೇ ಇದ್ದು ಅದನ್ನು ಬೆಳೆಸಿತು. 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಜಪಾನಿ ಮೂಲದವರೆಂದು ಅವರನ್ನೇ ಅಲ್ಲಿಂದ ಎಬ್ಬಿಸಿ ಬಂಧನ ಶಿಬಿರಕ್ಕೆ ಕಳಿಸಿದರು. ಇದನ್ನು ಹೇಳದೆ ತೋಟ ತೋರಿಸಬೇಡಿ. ಕಮಾನು ಸೇತುವೆ ಏಣಿಯ ಹಾಗೆ ಕಡಿದಾಗಿದೆ, ಅಮ್ಮ ಹತ್ತೋದು ಬೇಡ. ದಡದಲ್ಲಿ ನಿಂತರೆ ಸೇತುವೆಯೂ ನೀರಿನಲ್ಲಿನ ಅದರ ಬಿಂಬವೂ ಸೇರಿ ದುಂಡಗೆ ಬಳೆಯಂತೆ ಕಾಣುತ್ತೆ. ಅದರ ಚೆಂದ ಇರೋದೇ ಅಲ್ಲಿ.

ಎರಡನೇ ಉತ್ತರ:
ಮ್ಯೂಸಿಯಂನಲ್ಲಿ ಲಿಫ್ಟ್ ಹಿಡಿದು ನೇರ 2ನೇ ಮಹಡಿಗೆ ಹೋಗಿ, ಜಪಾನ್ ವಿಭಾಗ ಇರೋದು ಅಲ್ಲೇ. ಎಲ್ಲರ ಹಾಗೆ 3ನೇ ಮಹಡಿಯಿಂದ ಶುರು ಮಾಡಿದರೆ ಜಪಾನ್ ಬರೋ ಹೊತ್ತಿಗೆ ಕಾಲು ಸೋತಿರುತ್ತೆ. ಒಳಗೆ ಬರುವಾಗಲೇ ಗಾಲಿಕುರ್ಚಿ ಕೇಳಿ. ಮಂಡಿಗೂ ಒಳ್ಳೇದು, ನೋಡೋದಕ್ಕೂ ಒಳ್ಳೇದು: ಬ್ಯೋಬು ಅನ್ನೋ ಮಡಿಕೆ ಪರದೆಗಳನ್ನು ಬರೆದಿದ್ದು ಚಾಪೆ ಮೇಲೆ ಕೂತವರ ಕಣ್ಣಿಗೆ. ಬಲತುದಿಯಿಂದ ಎಡಕ್ಕೆ ಒಂದೊಂದೇ ಮಡಿಕೆ ನೋಡುತ್ತಾ ಬನ್ನಿ. ಋತುಗಳ ಚಿತ್ರವಾದರೆ ವಸಂತ ಬಲಗಡೆ, ಚಳಿಗಾಲ ಎಡಗಡೆ.

ದೀಪ ಮಂಕಾಗಿರುತ್ತೆ, ಕಣ್ಣು ಹೊಂದಿಕೊಳ್ಳೋಕೆ ಎರಡು ನಿಮಿಷ ಕೊಡಿ. ರೇಷ್ಮೆ, ಮರದಚ್ಚಿನ ಚಿತ್ರಗಳ ಬಣ್ಣ ಬೆಳಕಿಗೆ ಮಾಸುತ್ತೆ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ಅವನ್ನು ಒಳಗಿಟ್ಟು ಬೇರೆ ಹಾಕ್ತಾರೆ. ಆನ್‌ಲೈನ್‌ನಲ್ಲಿ ಕಂಡದ್ದು ಅಲ್ಲಿ ಇಲ್ಲದಿದ್ದರೆ ಕಾರಣ ಇದೇ.

ಮೂರನೇ ಉತ್ತರ:
ಊಟಕ್ಕೆ ಜಪಾನಿ ಅಂಗಡಿ-ಹೋಟೆಲುಗಳ ಬಡಾವಣೆ ಜಪಾನ್‌ಟೌನ್ ಇದೆ. ಮ್ಯೂಸಿಯಂನಿಂದ ಸುಮಾರು ಒಂದು ಮೈಲಿ, ಟ್ಯಾಕ್ಸಿಯೇ ಸರಿ. ಊಟದಲ್ಲಿ ಮೋಸ ಹೋಗೋದು ದಾಶಿಯಿಂದ. ಬೊನಿಟೊ ಮೀನನ್ನು ಹೊಗೆಗಿಟ್ಟು ಒಣಗಿಸಿ ಹೆರೆದ ಚೂರಿನ ಸಾರು ಅದು. ಮಿಸೊ (ಹುದುಗಿಸಿದ ಸೋಯಾ) ಸೂಪು, ಉಡಾನ್ ಅನ್ನೋ ದಪ್ಪ ನೂಡಲ್ಸ್ ಎರಡರಲ್ಲೂ ಸಾಮಾನ್ಯವಾಗಿ ಇರುತ್ತೆ, ಕಣ್ಣಿಗೆ ಕಾಣಲ್ಲ. "ಕೊಂಬು ದಾಶಿ ಮಾತ್ರವೇ?" ಅಂತ ಕೇಳಿ, ಕೊಂಬು ಅಂದರೆ ಕಡಲಪಾಚಿ. ಕಪ್ಪಾ ಮಾಕಿ, ಅಂದರೆ ಸೌತೆಕಾಯಿ ಇಟ್ಟು ಸುತ್ತಿದ ಅನ್ನದ ಸುರುಳಿ, ತಗೊಳ್ಳಬಹುದು. ಸಿಹಿಗೆ ದೈಫುಕು: ಅಂಟಕ್ಕಿ ಹಿಟ್ಟಿನೊಳಗೆ ಕೆಂಪು ಅಜುಕಿ ಕಾಳಿನ ಹೂರಣ, ಹಾಸನದವರಿಗೆ ಹೊಸದೇನಲ್ಲ. ಮಚ್ಚಾ (ಹಸಿರು ಟೀ ಪುಡಿಯ) ಟೀಗೆ ಮೊದಲು ಸಿಹಿ ತಿಂದು ಮುಗಿಸಿ, ಆಮೇಲೆ ಕುಡಿಯಿರಿ, ಕಹಿ ಹದವಾಗುತ್ತೆ. ಹೂರಣ ಇಟ್ಟ ದೋಸೆಯಂಥ ಸಿಹಿ ದೊರಾಯಾಕಿಯಲ್ಲಿ ಮೊಟ್ಟೆ ಇದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇನಾರಿ ಸುಶಿ ಪರವಾಗಿಲ್ವಾ? ಬರೀ ತೋಫು, ಅನ್ನ ಅಲ್ವಾ?

ಮೂರನೇ ಉತ್ತರ ಕೊಟ್ಟವರು:
ಅನ್ನ ತುಂಬೋ ಆ ತೋಫು ಚೀಲವನ್ನು ಬಹಳ ಕಡೆ ದಾಶಿಯಲ್ಲೇ ಕುದಿಸಿರ್ತಾರೆ. ಕೇಳದೆ ತಗೋಬೇಡಿ.