ಹಳೇ ಕಂಪ್ರೆಸರ್: 415 ವೋಲ್ಟ್ ಮೋಟಾರಿಗೆ ಮನೆ ಕರೆಂಟ್ ಕೊಡುವುದು ಹೇಗೆ?

ಪ್ರಶ್ನೆ
ನಮಸ್ಕಾರ. ಮುಚ್ಚಿದ ಪಂಚರ್ ಅಂಗಡಿಯೊಂದರಿಂದ ಹಳೇ ಏರ್ ಕಂಪ್ರೆಸರ್ ತಂದೆ, ಶೆಡ್‌ನಲ್ಲಿ ಮರದ ಸಾಮಾನಿಗೆ ಪಾಲಿಶ್ ಹೊಡೆಯೋಕೆ. ತ್ರೀ ಫೇಸ್ ಮೋಟಾರ್, 2 ಎಚ್‌ಪಿ, ಪ್ಲೇಟಿನ ಮೇಲೆ 415 ವೋಲ್ಟ್, 3.4 ಆಂಪ್, ಸ್ಟಾರ್ ಅಂತಿದೆ. ಮನೆಯಲ್ಲಿರುವುದು ಸಿಂಗಲ್ ಫೇಸ್ 230. ಊರಿನ ಎಲೆಕ್ಟ್ರಿಷಿಯನ್ ಬೋರ್‌ವೆಲ್‌ಗೆ ಹಾಕುವ ಹಾಗೆ ಕಂಡೆನ್ಸರ್ (ಕೆಪಾಸಿಟರ್) ಹಾಕಿಕೊಟ್ಟರು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಆಮೇಲೆ ಎಂಸಿಬಿ ಬೀಳುತ್ತದೆ. ಬೆಲ್ಟ್ ಬಿಚ್ಚಿದರೆ ಮಾತ್ರ ಮೆಲ್ಲಗೆ ತಿರುಗುತ್ತದೆ. ಮೋಟಾರ್ ಹೋಯ್ತಾ?

ಉತ್ತರ
ಮೋಟಾರ್ ಹೋಗಿರಲಿಕ್ಕಿಲ್ಲ. ಆದರೆ ಇನ್ನೊಂದು ಸಲ ಹಾಗೆ ಗುಂಯ್ ಅನ್ನಿಸಬೇಡಿ, ವೈಂಡಿಂಗ್ ಸುಟ್ಟುಹೋಗುತ್ತದೆ. ತೋಟದಲ್ಲಿ ಒಂದು ಫೇಸ್ ಹೋದಾಗ ಕಂಡೆನ್ಸರ್ ನಡೆಯುವುದು ಯಾಕೆ ಅಂದರೆ ಅಲ್ಲಿ ಇನ್ನೂ ಎರಡು ಫೇಸ್ ಉಳಿದಿರುತ್ತವೆ, ಅವೆರಡರ ನಡುವೆ 415 ಸಿಗುತ್ತದೆ. ನಿಮ್ಮಲ್ಲಿ ಫೇಸು, ನ್ಯೂಟ್ರಲ್ ಅಷ್ಟೇ, 230. ಸ್ಟಾರ್‌ನಲ್ಲಿರುವ, ಅಂದರೆ ಮೂರು ವೈಂಡಿಂಗಿನ ಒಂದೊಂದು ತುದಿ ಒಟ್ಟಿಗೆ ಸೇರಿಸಿದ ಮೋಟಾರಿಗೆ ಅದು ಅರೆಹೊಟ್ಟೆ ಊಟ, ಕಂಪ್ರೆಸರ್ ಎಳೆಯುವ ಶಕ್ತಿ ಎಲ್ಲಿಂದ ಬರಬೇಕು?

ಮೇನ್ ಆಫ್ ಮಾಡಿ ಮೋಟಾರಿನ ಟರ್ಮಿನಲ್ ಡಬ್ಬಿ ಬಿಚ್ಚಿ. ಆ ಕಂಡೆನ್ಸರ್‌ಗಳನ್ನು ಡಿಸ್ಚಾರ್ಜ್ ಮಾಡದೆ ಮುಟ್ಟಬೇಡಿ. ಒಳಗೆ ಎಷ್ಟು ವೈರ್ ಇವೆ, ಮೂರಾ, ಆರಾ?

ಪ್ರಶ್ನೆ ಕೇಳಿದವರು
ಆರು ಇವೆ ಸರ್. ಒಂದು ಪಟ್ಟಿ ಮೂರನ್ನು ಸೇರಿಸಿದೆ.

ಉತ್ತರ
ಅದೃಷ್ಟ ನಿಮ್ಮದು. ಮೂರೇ ಇದ್ದಿದ್ದರೆ ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಿ ಒಳಗಿನ ಸ್ಟಾರ್ ಜಾಯಿಂಟ್ ಬಿಡಿಸಿ ಹೊರಗೆ ತರಿಸಬೇಕಿತ್ತು. ಆ ಪಟ್ಟಿ ತೆಗೆದು ಡೆಲ್ಟಾ ಮಾಡಿಸಿ, ಅಂದರೆ ಮೂರು ವೈಂಡಿಂಗನ್ನು ತ್ರಿಕೋನದ ಹಾಗೆ ತುದಿಗೆ ತುದಿ ಸೇರಿಸಿ: ಯು1ಗೆ ಡಬ್ಲ್ಯು2, ವಿ1ಗೆ ಯು2, ಡಬ್ಲ್ಯು1ಗೆ ವಿ2. 415ನ್ನು 1.73ರಿಂದ ಭಾಗಿಸಿದರೆ 240, ಅಂದರೆ ಡೆಲ್ಟಾದಲ್ಲಿ ಮನೆ ವೋಲ್ಟೇಜೇ ಸಾಕು. ಆದರೆ ಮೂರು ಫೇಸ್ ಬೇಕೇ ಬೇಕು. ಅದಕ್ಕೆ ಸಿಂಗಲ್ ಫೇಸ್ ಒಳಗೆ, 230ರ ಮೂರು ಫೇಸ್ ಹೊರಗೆ ಕೊಡುವ ವಿಎಫ್‌ಡಿ (ಮೋಟಾರ್ ಓಡಿಸುವ ಎಲೆಕ್ಟ್ರಾನಿಕ್ ಡ್ರೈವ್) ತಗೊಳ್ಳಿ, 1.5 ಕಿಲೋವ್ಯಾಟ್ ಅಥವಾ ಒಂದು ಸೈಜ್ ಜಾಸ್ತಿ. ಅದರಲ್ಲಿ ಮೋಟಾರ್ ಕರೆಂಟನ್ನು 5.9 ಆಂಪ್‌ಗೆ ಸೆಟ್ ಮಾಡಿ, 3.4 ಅಲ್ಲ; ಡೆಲ್ಟಾದಲ್ಲಿ ಕರೆಂಟ್ 1.73 ಪಟ್ಟು ಆಗುತ್ತದೆ. ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿ, ಅರ್ತ್ ಸಮೇತ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್. ಫ್ರಿಜ್‌ನ ಪ್ಲಗ್ಗಿಗೆ ಸಿಕ್ಕಿಸಿಬಿಡಬೇಡಿ!

ಸುಮಾರು ಜನ ಎಡವುವ ಜಾಗ ಇನ್ನೊಂದಿದೆ. ಹಳೇ ಪ್ರೆಷರ್ ಸ್ವಿಚ್ಚನ್ನು ವಿಎಫ್‌ಡಿಗೂ ಮೋಟಾರಿಗೂ ಮಧ್ಯೆ ಹಾಕಬಾರದು, ಓಡುವಾಗ ಅಲ್ಲಿ ಲೈನ್ ಕಟ್ ಆದರೆ ವಿಎಫ್‌ಡಿಯೇ ಹೋಗಬಹುದು. ಅದರ ಹಳೇ ಪವರ್ ವೈರುಗಳನ್ನು ಪೂರ್ತಿ ಬಿಚ್ಚಿ, ಎರಡು ಸಣ್ಣ ವೈರಲ್ಲಿ ವಿಎಫ್‌ಡಿಯ ಸ್ಟಾರ್ಟ್ ಟರ್ಮಿನಲ್‌ಗೆ ಕೊಡಿ.

ಇನ್ನೊಬ್ಬರು
ವಿಎಫ್‌ಡಿ ತಲೆನೋವು ಬೇಡ ಅಂದರೆ 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಹಾಕಿ, ಪುಲ್ಲಿ ಅದೇ ಇರಲಿ. ಆರ್‌ಪಿಎಂ ಮಾತ್ರ ಒಂದೇ ಇರಬೇಕು. ಟ್ಯಾಂಕಿನ ನೀರು ತೆಗೆದು ನೋಡಿದ್ದೀರಾ? ಕೆಂಪು ತುಕ್ಕು ಬಂದರೆ ಮೊದಲು ನೀರು ತುಂಬಿಸಿ ಪ್ರೆಷರ್ ಟೆಸ್ಟ್ ಮಾಡಿಸಿ, ಮೋಟಾರ್ ಆಮೇಲೆ.

ಪ್ರಶ್ನೆ ಕೇಳಿದವರು
ಟ್ಯಾಂಕ್ ಟೆಸ್ಟ್ ಪಾಸಾಯಿತು, ವಿಎಫ್‌ಡಿ ಹಾಕಿಸಿದೆ. ಈಗ ಬೆಲ್ಟ್ ಹಾಕಿಯೇ ಸ್ಟಾರ್ಟ್ ಆಗುತ್ತದೆ! ಫ್ಲೈವೀಲ್ ಮಾತ್ರ ಬಾಣದ ಗುರುತಿಗೆ ಉಲ್ಟಾ ತಿರುಗುತ್ತಿದೆ.

ಉತ್ತರ
ಆಫ್ ಮಾಡಿ, ವಿಎಫ್‌ಡಿ ಮೇಲೆ ಬರೆದಷ್ಟು ನಿಮಿಷ ಕಾದು, ಮೋಟಾರಿಗೆ ಹೋಗುವ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿ.