ಅಪ್‌ಡೇಟ್: ಮಗಳ ಕ್ಲಬ್‌ಫುಟ್, ಈಗ ಬೂಟಿನ ಹಂತ

ಮಗಳ ಬಲಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಚಿದೆ, ದೊಡ್ಡ ಆಪರೇಷನ್ ಇಲ್ಲದೆ ಸರಿಹೋಗುತ್ತಾ ಅಂತ ಕೇಳಿದ್ದೆನಲ್ಲ, ಪಾದ ನೇರವಾಗಿದೆ!

ಅಮೆರಿಕದ ಅಯೋವಾದಲ್ಲಿ ಡಾ. ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನ. ವಾರಕ್ಕೊಮ್ಮೆ ಪಾದವನ್ನು ಕೈಯಲ್ಲೇ ಮೆಲ್ಲಗೆ ಹೊರಕ್ಕೆ ತಿರುಗಿಸಿ ತೊಡೆಯವರೆಗೆ ಪ್ಲಾಸ್ಟರ್ ಹಾಕ್ತಾರೆ. ಮಂಡಿ ಕೆಳಗಷ್ಟೇ ಹಾಕಿದರೆ ಜಾರಿಬಿಡುತ್ತಂತೆ. ಸಾಮಾನ್ಯವಾಗಿ 5-7 ಪ್ಲಾಸ್ಟರ್ ಸಾಕು. ಹಿಮ್ಮಡಿ ಮಾತ್ರ ಕೆಳಗಿಳಿಯಲಿಲ್ಲ. ಬಹುಪಾಲು ಮಕ್ಕಳಿಗೆ ಹೀಗೇ. ಆ ಜಾಗ ಮರಗಟ್ಟಿಸಿ, ಹಿಮ್ಮಡಿ ಮೇಲಿನ ಬಿಗಿಯಾದ ಸ್ನಾಯುರಜ್ಜುವನ್ನು ಕತ್ತರಿಸಿದರು. ತೀರಾ ಸಣ್ಣ ಗಾಯ, ಹೊಲಿಗೆಯೂ ಇಲ್ಲ. ಕೊನೆಯ ಪ್ಲಾಸ್ಟರಿನ 3 ವಾರದಲ್ಲಿ ಅದು ಉದ್ದವಾಗಿ ಕೂಡಿಕೊಂಡಿತು.

ನಿಜವಾದ ಕಷ್ಟ ಈಗ. ಕಂಬಿಗೆ ಜೋಡಿಸಿದ ಬೂಟು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4-5 ವರ್ಷ ತುಂಬುವ ತನಕ ಮಲಗುವಾಗ. 'ಸರಿಹೋಯ್ತಲ್ಲ, ಪಾಪ ಮಗೂಗೆ ಇನ್ನೂ ಯಾಕೆ ಬೇಡಿ?' ಅಂತ ಅತ್ತೆಯವರ ಗೊಣಗಾಟ. ಆದರೆ ಪಾದ ಮತ್ತೆ ತಿರುಚಿಕೊಳ್ಳೋದಕ್ಕೆ ಮುಖ್ಯ ಕಾರಣವೇ ಬೂಟು ಬಿಡೋದು. ಕಾಲ್ಚೀಲ ಸುಕ್ಕಾಗದಂತೆ ಹಾಕಿ, ಇಲ್ಲದಿದ್ದರೆ ಗುಳ್ಳೆ ಏಳುತ್ತೆ.

ಎಣ್ಣೆ ನೀವಿ ಸರಿಮಾಡ್ತೀವಿ ಅನ್ನೋರನ್ನು ನಂಬಿ ಕಾಯಬೇಡಿ; ಹುಟ್ಟಿದ ಮೊದಲ ವಾರಗಳಲ್ಲೇ ಮೂಳೆ ಡಾಕ್ಟರಿಗೆ ತೋರಿಸಿ.